ಸ್ಕ್ರ್ಯಾಚ್ ಕಾರ್ಡ್‌ನಿಂದ ತೊಗರಿ ರೇಟ್‌ವರೆಗೆ: ಆ್ಯಪ್‌ಗಳು ನಮ್ಮನ್ನು ಮತ್ತೆ ಮತ್ತೆ ಕರೆದ ಕಥೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: “ಫೋನ್ ಫುಲ್ ಆಗ್ಯಾದ, ಏನರ ತೆಗೀರಿ.” ಅಂಗಡಿಯ ಹುಡುಗ ಆ್ಯಪ್‌ಗಳನ್ನು ಒಂದೊಂದಾಗಿ ತೋರಿಸಿ “ಇದು ಬೇಕಾ?” ಅಂತ ಕೇಳುತ್ತಾನೆ. ಒಂದು ಆ್ಯಪ್ ಉಳಿಯುವುದೋ ಹೋಗುವುದೋ ಆ ಎರಡು ಸೆಕೆಂಡಿನಲ್ಲಿ ತೀರ್ಮಾನವಾಗುತ್ತದೆ. “ಬೇಕು” ಅನ್ನಿಸುವ ಆ್ಯಪ್ ಮಾಡುವುದು ಹೇಗೆ ಅನ್ನುವುದಕ್ಕೆ ಬಂದ ಉತ್ತರಗಳು ಒಂದೆರಡಲ್ಲ. ನೋಟಿಫಿಕೇಶನ್, ಸ್ಟ್ರೀಕ್ (ಒಂದು ದಿನವೂ ತಪ್ಪದೆ ಬಂದ ದಿನಗಳ ಲೆಕ್ಕ), ಕ್ಯಾಶ್‌ಬ್ಯಾಕ್, ಈಗ ಡಾರ್ಕ್ ಪ್ಯಾಟರ್ನ್ (ಬಳಸುವವರನ್ನು ಯಾಮಾರಿಸುವ ವಿನ್ಯಾಸ) ತಡೆಯುವ ನಿಯಮ. ಎಲ್ಲ ಸೇರಿ ಗೋಜಲಾಗಿದೆ.

ಬೇರು ತುಂಬ ಹಿಂದಿನದು. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಇಟ್ಟುಕೊಂಡು ನೋಡಿದ್ದರು: ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ ಅಷ್ಟಕ್ಕಷ್ಟೆ, ಯಾವಾಗ ಸಿಗುತ್ತದೆ ಅಂತ ಗೊತ್ತಾಗದಿದ್ದರೆ ಅವು ಬಿಡದೆ ಕುಕ್ಕುತ್ತವೆ. 1998ರಲ್ಲಿ ಸಂಶೋಧಕ ಬಿ.ಜೆ. ಫಾಗ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಮನುಷ್ಯರ ನಡವಳಿಕೆಯನ್ನು ಹೇಗೆ ಬದಲಿಸುತ್ತದೆ ಅಂತ ನೋಡಲು ಲ್ಯಾಬ್ ಶುರು ಮಾಡಿದರು. ಆಸೆ, ಸುಲಭ, ‘ಈಗ ಮಾಡು’ ಅನ್ನುವ ಒಂದು ಕರೆ, ಈ ಮೂರೂ ಒಂದೇ ಗಳಿಗೆಯಲ್ಲಿ ಕೂಡಿದರೆ ಜನ ಆ ಕೆಲಸ ಮಾಡುತ್ತಾರೆ ಅನ್ನುವುದು ಅವರ ಸೂತ್ರ. 2006ರಲ್ಲಿ ವಿನ್ಯಾಸಕ ಏಝಾ ರಾಸ್ಕಿನ್ ಕೊನೆಯೇ ಇಲ್ಲದ ಸ್ಕ್ರಾಲ್ ರೂಪಿಸಿದರು. ‘ಮುಂದಿನ ಪುಟ’ ಒತ್ತುವ ಕಷ್ಟ ತಪ್ಪಲಿ ಅನ್ನುವುದಷ್ಟೇ ಉದ್ದೇಶ. ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೋಡಿ ಆಮೇಲೆ ಅವರೇ ನೊಂದುಕೊಂಡರು. 2008ರ ಜುಲೈನಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ ಸುಮಾರು 500 ಆ್ಯಪ್‌ಗಳೊಂದಿಗೆ ತೆರೆಯಿತು, ಮರುವರ್ಷ ನೋಟಿಫಿಕೇಶನ್ ಬಂತು.

ಮೊದಲು ಎಲ್ಲರೂ ಡೌನ್‌ಲೋಡ್ ಎಣಿಸುತ್ತಿದ್ದರು. ಹಾಕಿಕೊಂಡವರಲ್ಲಿ ಹೆಚ್ಚಿನವರು ತಿರುಗಿ ನೋಡುವುದಿಲ್ಲ ಅಂತ ಗೊತ್ತಾದ ಮೇಲೆ ಲೆಕ್ಕ ಬದಲಾಯಿತು. ಮರುದಿನ ಎಷ್ಟು ಜನ ಬಂದರು, ಏಳನೇ ದಿನ ಎಷ್ಟು, ಮೂವತ್ತನೇ ದಿನ ಎಷ್ಟು? ಈ ಮೂರು ಅಂಕಿ ಇವತ್ತಿಗೂ ಆ್ಯಪ್ ಮಾಡುವವರ ನಿದ್ದೆ ಕೆಡಿಸುತ್ತವೆ.

ನಮ್ಮ ಕಡೆ ಇದೆಲ್ಲ ನಿಜವಾಗಿ ಬಂದದ್ದು 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದ ಮೇಲೆ. ಅಲ್ಲಿಯವರೆಗೆ ಡೇಟಾ ಆನ್ ಮಾಡಿ, ಬೇಕಾದ್ದು ನೋಡಿ, ತಕ್ಷಣ ಆಫ್ ಮಾಡುತ್ತಿದ್ದೆವು. ಎರಡೇ ತಿಂಗಳಲ್ಲಿ ನೋಟು ರದ್ದಾಯಿತು. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತಂದವರಿಗೆ ಕೊಡಲು ನಗದು ಇಲ್ಲದೆ ಪರದಾಟ. ಅದೇ ವರ್ಷ ಹುಟ್ಟಿದ್ದ ಯುಪಿಐಗೆ ದಾರಿ ತೆರೆಯಿತು. 2017ರ ಸೆಪ್ಟೆಂಬರ್‌ನಲ್ಲಿ ಗೂಗಲ್ ‘ತೇಜ್’ ತಂದಿತು, ಅದೇ ಈಗಿನ ಗೂಗಲ್ ಪೇ. ಅದರ ಜೊತೆ ಸ್ಕ್ರ್ಯಾಚ್ ಕಾರ್ಡ್ ಬಂತು. ಬೆರಳಲ್ಲಿ ಉಜ್ಜಿದರೆ ಒಮ್ಮೆ ಹತ್ತಾರು ರೂಪಾಯಿ, ಒಮ್ಮೆ ಏನೂ ಇಲ್ಲ. ಹಾಸ್ಟೆಲ್‌ನಲ್ಲಿ ನಾವು ಕಾರ್ಡ್‌ಗಾಗಿಯೇ ಒಬ್ಬರಿಗೊಬ್ಬರು ದುಡ್ಡು ಕಳಿಸಿ ವಾಪಸ್ ಪಡೆಯುತ್ತಿದ್ದೆವು.

ಇಲ್ಲೇ ಸ್ವಲ್ಪ ನಿಂತು ನೋಡಬೇಕು. ಕಾರ್ಡ್‌ನಲ್ಲಿ ದುಡ್ಡು ಬರುವುದು ಬರಬರುತ್ತಾ ಕಡಿಮೆಯಾಯಿತು. ಆದರೂ ಜನ ಯುಪಿಐ ಬಿಡಲಿಲ್ಲ. ಯಾಕೆ? ಚಿಲ್ಲರೆ. ಚಹಾದ ಅಂಗಡಿಯಲ್ಲಿ ನೂರರ ನೋಟು ಕೊಟ್ಟು ಮುಖ ನೋಡುತ್ತಾ ನಿಲ್ಲುವ ಕಷ್ಟ ತಪ್ಪಿತ್ತು. ಜನ ಬಂದದ್ದು ಕಾರ್ಡ್‌ನಿಂದ, ಉಳಿದದ್ದು ಚಿಲ್ಲರೆಯಿಂದ. ಆಮೇಲೆ ಬಂದ ಎಷ್ಟೋ ಆ್ಯಪ್‌ಗಳು ಕಾರ್ಡ್ ಅನ್ನು ನಕಲು ಮಾಡಿದವು. ಅದರ ಹಿಂದಿದ್ದ ಕೆಲಸವನ್ನು ನೋಡಲೇ ಇಲ್ಲ. ಕಿರಾಣಿ ಆ್ಯಪ್‌ನಲ್ಲೂ ತಿರುಗುವ ಚಕ್ರ, ಓದಿನ ಆ್ಯಪ್‌ನಲ್ಲೂ ನಾಣ್ಯ.

ನಾವೂ ಈ ತಪ್ಪು ಮಾಡಿದವರೇ. ಕಾಲೇಜು ಮುಗಿಸಿದ ಮೇಲೆ ಗೆಳೆಯರು ಸೇರಿ ತೊಗರಿ ರೇಟ್ ತೋರಿಸುವ ಚಿಕ್ಕ ಆ್ಯಪ್ ಮಾಡಿದೆವು. ಕಲಬುರಗಿ, ಸೇಡಂ, ಆಳಂದ, ಜೇವರ್ಗಿ ಮಾರುಕಟ್ಟೆಗಳ ರೇಟ್ ಒಂದೇ ಕಡೆ. ಡಿಸೆಂಬರ್‌ನಲ್ಲಿ ರಾಶಿ ಶುರುವಾಗುತ್ತಿದ್ದಂತೆ ಜನ ಬಂದರು. ಏಪ್ರಿಲ್‌ನಲ್ಲಿ ಗ್ರಾಫ್ ನೆಲ ಕಚ್ಚಿತು. ನಾವು ಗಾಬರಿಯಾಗಿ ದಿನಾ ಮೆಸೇಜ್ ಕಳಿಸಿದೆವು, ಹಬ್ಬಕ್ಕೆ ಶುಭಾಶಯ ಬೇರೆ. ಇದ್ದವರೂ ಆ್ಯಪ್ ತೆಗೆದರು. ಜೇವರ್ಗಿ ಕಡೆಯ ಕಾಕಾ ಒಬ್ಬರು ಫೋನ್‌ನಲ್ಲಿ ಹೇಳಿದ್ದು ಮರೆತಿಲ್ಲ: “ತಮ್ಮಾ, ನಂದು ತೊಗರಿ ಮಾರಿ ಎರಡು ತಿಂಗಳಾತು. ದಿನಾ ರೇಟ್ ನೋಡಿ ಏನ್ ಮಾಡ್ಲಿ?”

ದಿನಾ ಬರಬೇಕು ಅನ್ನುವ ಅಳತೆ ಇದ್ದದ್ದು ನಮ್ಮ ಹತ್ತಿರ. ಅವರ ಹೊಲದ ಲೆಕ್ಕದಲ್ಲಿ ವರ್ಷ ಬೇರೆ ಥರ ಓಡುತ್ತದೆ. ಜೂನ್‌ನಲ್ಲಿ ಮಳೆ ಮತ್ತು ಬೀಜ, ಚಳಿಗಾಲದಲ್ಲಿ ರಾಶಿ, ಆಮೇಲೆ ಮಾರಾಟ. ಮುಂದಿನ ಡಿಸೆಂಬರ್‌ನಲ್ಲಿ ತಾವಾಗಿಯೇ ಹುಡುಕಿಕೊಂಡು ಬಂದರೆ ಅದೂ ಮರಳಿ ಬಂದಂತೆಯೇ ಅಲ್ವಾ? ಅದನ್ನು ಎಣಿಸುವ ಖಾನೆ ಮಾತ್ರ ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ಇತ್ತ ಆಟ ದೊಡ್ಡದಾಗುತ್ತಲೇ ಹೋಯಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಒಂದೆರಡು ವಾರದಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಬೆರಳು ಮೇಲಕ್ಕೆ ಸರಿಸುವ ಅಭ್ಯಾಸ ಹಾಗೇ ಉಳಿಯಿತು. 2022ರ ಆಂಡ್ರಾಯ್ಡ್ 13ರಲ್ಲಿ ಹೊಸ ಆ್ಯಪ್‌ಗಳು ನೋಟಿಫಿಕೇಶನ್ ಕಳಿಸಲು ಮೊದಲು ಅನುಮತಿ ಕೇಳಬೇಕಾಯಿತು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ತಡೆಯುವ ಮಾರ್ಗಸೂಚಿ ತಂದಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬಿಲ್‌ಗೆ ಸೇರಿಸುವುದು, ಪದೇ ಪದೇ ಕಾಡುವುದು, ಎಲ್ಲ ಅದರಲ್ಲಿವೆ. ಆದರೆ ಮುಗಿಯದ ಸ್ಕ್ರಾಲ್ ಇಲ್ಲ. ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಸುವ ಸ್ಟ್ರೀಕ್ ಕೂಡ ಇಲ್ಲ. ಮನೆಯಲ್ಲಿ ಮಗು ಜಾತ್ರೆಯ ದಿನವೂ “ಸ್ಟ್ರೀಕ್ ಹೋಗ್ತದ” ಅಂತ ಫೋನ್ ಕೇಳಿದಾಗ ನನಗೆ ಈ ಖಾಲಿ ಜಾಗ ಜಾಸ್ತಿ ಕಾಣುತ್ತದೆ.

ನಮ್ಮ ಆ್ಯಪ್ ಈಗ ತೆರೆದ ಕೂಡಲೇ ನಂಬರ್ ಕೇಳುವುದಿಲ್ಲ, ಓಟಿಪಿ ಕೇಳುವುದಿಲ್ಲ, ನೋಟಿಫಿಕೇಶನ್ ಅನುಮತಿಯನ್ನೂ ಕೇಳುವುದಿಲ್ಲ. ಮೊದಲು ರೇಟ್ ಕಾಣಿಸುತ್ತದೆ, ಕೆಂಪು ತೊಗರಿಗೆ ಬೇರೆ, ಬಿಳಿ ತೊಗರಿಗೆ ಬೇರೆ. ಕೆಳಗೆ ಒಂದೇ ಬಟನ್: ‘ಕ್ವಿಂಟಲ್‌ಗೆ ಎಷ್ಟಾದರೆ ಹೇಳಬೇಕು?’ ರೈತರು ಅಂಕಿ ಹಾಕಿದ ಮೇಲೆಯೇ ಅನುಮತಿಯ ಪ್ರಶ್ನೆ ಬರುತ್ತದೆ. ಆ ರೇಟ್ ಮುಟ್ಟಿದ ದಿನ ಒಂದು ಮೆಸೇಜ್ ಹೋಗುತ್ತದೆ. “ಮಾರಿದೆ” ಅಂತ ಒತ್ತಿದರೆ ಮುಂದಿನ ರಾಶಿಯವರೆಗೆ ಆ್ಯಪ್ ಸುಮ್ನಿರುತ್ತದೆ.