ಮೃಗಶಿರಾ ಮಳೆಗೆ ಮುಂಚೆ ಏಸಿ ಒಣಗಿಸಿ

ಮಾರ್ಚ್ ಬಂತೆಂದರೆ ಶಿವಮೊಗ್ಗದ ಏಸಿ ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿರುವುದಿಲ್ಲ. ಸೆಕೆ ಶುರುವಾದಾಗಲೇ ಎಲ್ಲರಿಗೂ ಸರ್ವೀಸ್ ನೆನಪಾಗುವುದು. ನನ್ನ ಲೆಕ್ಕದಲ್ಲಿ ನಮ್ಮ ಕಡೆ ಅದಕ್ಕಿಂತ ಮುಖ್ಯವಾದ ಸರ್ವೀಸ್ ಮೇ ಕೊನೆಯದು. ಮಳೆಗಾಲದಲ್ಲಿ ಗೋಡೆ ಮೇಲೆ ಸುಮ್ನೆ ಕೂತ ಏಸಿಯೊಳಗೇ ಬೂಷ್ಟು ಬೆಳೆಯುತ್ತದೆ.

ಅಸಲಿಗೆ ಏಸಿ ಹುಟ್ಟಿದ್ದೇ ತೇವದ ಕಾಟದಿಂದ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಒತ್ತಿದ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಅದರಲ್ಲಿದ್ದ ನೀರನ್ನು ಇಳಿಸುವ ಏರ್ಪಾಡು ರೂಪಿಸಿದರು. ಏಸಿ ಬೇಕಾಗಿದ್ದು ಕಾಗದಕ್ಕೆ, ಜನರಿಗಲ್ಲ!

ಈಗಿನ ಏಸಿಯ ಕಾಯಿಲ್, ಅಂದರೆ ಒಳಗಿನ ತಣ್ಣನೆಯ ಕೊಳವೆ ಸುರುಳಿ, ಮಾಡುವುದೂ ಅದನ್ನೇ. 30 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಹಿಡಿದುಕೊಳ್ಳುತ್ತದೆ. 20 ಡಿಗ್ರಿಗೆ ಇಳಿದರೆ 17 ಗ್ರಾಂ ಅಷ್ಟೇ. ಮಿಕ್ಕಿದ್ದು ಹನಿಯಾಗಿ ತಟ್ಟೆಗೆ ಬಿದ್ದು ಪೈಪಿನಲ್ಲಿ ಹೊರಗೆ ಹೋಗಬೇಕು. ಈ ಹನಿಗಟ್ಟುವ ಕೆಲಸ ಪುಕ್ಕಟೆಯಲ್ಲ. ಒಂದು ಲೀಟರ್ ನೀರಿನಷ್ಟು ಆವಿ ಹನಿಯಾಗುವಾಗ ಬಿಡುವ ಶಾಖ, ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಬೇಕಾದ ಶಾಖದ ಏಳು ಪಟ್ಟಿಗೂ ಜಾಸ್ತಿ. ಅಷ್ಟನ್ನೂ ಏಸಿ ಹೊರಗೆ ಹಾಕಬೇಕು. ಮೊದಲ ಮಳೆ ಬಿದ್ದ ಮೇಲಿನ ಆ ಬೆವರು ಬೆವರು ಸಂಜೆಗಳಲ್ಲಿ ಥರ್ಮಾಮೀಟರ್ ಇಳಿದಿದ್ದರೂ ಏಸಿ ಏದುಸಿರು ಬಿಡುವುದು ಇದಕ್ಕೇ.

ಗಾಳಿಯ ತೇವದ ಕಾಟ ತಪ್ಪಿಸಲು ಇನ್ನೊಂದು ದಾರಿಯೂ ಇದೆ: ಬಿಸಿ ಮಾಡುವುದು. ತೀರ್ಥಹಳ್ಳಿ, ಹೊಸನಗರದ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರಲ್ಲ, ಅದೇ ವಿಜ್ಞಾನ. ಪೂರ್ತಿ ತೇವ ತುಂಬಿದ 22 ಡಿಗ್ರಿಯ ಗಾಳಿ 30ಕ್ಕೆ ಬಿಸಿಯಾದರೆ, ಒಂದು ಹನಿ ನೀರೂ ಕಳೆಯದೆ ಅದರ ಸಾಪೇಕ್ಷ ತೇವಾಂಶ (ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ) ಶೇ. 62ರ ಹತ್ತಿರಕ್ಕೆ ಇಳಿಯುತ್ತದೆ.

ಏಸಿಗೆ ಬರೋಣ. ಬೇಸಿಗೆಯ ಕೊನೆಗೆ ರಿಮೋಟ್ ಒತ್ತಿ ಆಫ್ ಮಾಡಿ ಮರೆತುಬಿಟ್ಟರೆ ಒದ್ದೆ ಕಾಯಿಲ್, ಅದಕ್ಕಂಟಿದ ಧೂಳು, ಕತ್ತಲೆ ಎಲ್ಲ ಒಟ್ಟಿಗೆ ಸಿಗುತ್ತವೆ. ಬೂಷ್ಟಿಗೆ ಇನ್ನೇನು ಬೇಕು? ಬಹಳ ಸಲ ಮುಂದಿನ ವರ್ಷ ಮೊದಲ ಸಲ ಹಾಕಿದಾಗ ಬರುವ ಒದ್ದೆ ಚೀಲದ ವಾಸನೆ ಅಲ್ಲಿಂದಲೇ. ಹಾಗಾಗಿ ಮೃಗಶಿರಾ ಮಳೆ ಹಿಡಿಯುವ ಮುಂಚೆ, ಬಿಸಿಲಿರುವ ಒಂದು ದಿನ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ. ಮತ್ತೆ ಕೂರಿಸಿ, ಫ್ಯಾನ್ ಮೋಡ್‌ನಲ್ಲಿ ಎರಡು ಮೂರು ಗಂಟೆ ಓಡಿಸಿ. ಈ ಮೋಡ್‌ನಲ್ಲಿ ಕಂಪ್ರೆಸರ್ ನಡೆಯುವುದಿಲ್ಲ, ಗಾಳಿ ಮಾತ್ರ ಹಾಯ್ದು ಕಾಯಿಲ್ ಒಣಗುತ್ತದೆ. ಆಮೇಲೆ ಎಂಸಿಬಿ (ಏಸಿಗೆ ಕರೆಂಟ್ ಕೊಡುವ ಬೋರ್ಡಿನ ಸ್ವಿಚ್) ಇಳಿಸಿ. ಗುಡುಗು ಸಿಡಿಲಿನ ಕಾಲ, ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತಿರುತ್ತದೆ. ರಿಮೋಟಿನ ಸೆಲ್ಲನ್ನೂ ತೆಗೆದಿಡಿ.

ನೀರು ಹೋಗುವ ಪೈಪಿನ ತುದಿಯನ್ನೂ ಒಮ್ಮೆ ನೋಡಿ. ಒಳಗೆ ಲೋಳೆ ಕಟ್ಟಿರಬಹುದು, ಕುಂಬಾರ ಹುಳ ಮಣ್ಣಿನ ಗೂಡು ಮಾಡಿರಬಹುದು. ಮನೆಯೊಳಗೆ ಗೋಡೆ ಮೇಲೆ ನೀರಿಳಿದರೆ ಮೊದಲ ಅನುಮಾನ ಈ ಪೈಪಿನ ಮೇಲೇ ಇರಲಿ.

ಹೊರಗಿನ ಯೂನಿಟ್ಟಿಗೆ ಟಾರ್ಪಾಲು ಸುತ್ತಿ ಹಗ್ಗ ಬಿಗಿಯುವವರಿದ್ದಾರೆ. ಪಾಪ, ಕಾಳಜಿಯಿಂದಲೇ. ಆದರೆ ಅದನ್ನು ಮಳೆಗೆ ನಿಲ್ಲುವಂತೆಯೇ ಮಾಡಿರುತ್ತಾರೆ. ಸುತ್ತಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ, ಇಲಿಗೂ ಬೆಚ್ಚನೆಯ ಮನೆ ಸಿಕ್ಕಂತಾಗುತ್ತದೆ. ಮೇಲೆ ಒಂದು ತಗಡು ಸಾಕು, ಪಕ್ಕಗಳು ತೆರೆದಿರಲಿ.

ಇನ್ನು ಮೆಕ್ಯಾನಿಕ್ ವರ್ಷವರ್ಷ ಹೇಳುವ "ಗ್ಯಾಸ್ ಕಮ್ಮಿಯಾಗಿದೆ" ಎಂಬ ಮಾತು. ತಂಪು ಮಾಡುವ ಈ ಗ್ಯಾಸ್ ಸುತ್ತುವುದು ಮುಚ್ಚಿದ ಕೊಳವೆಯಲ್ಲಿ, ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತುಂಬಿಸುವ ಮೊದಲು, ಎಲ್ಲಿ ಸೋರುತ್ತಿದೆ ತೋರಿಸಿ ಅಂತ ಕೇಳಿ.