ನೂರು ಡಾಲರಿನಲ್ಲಿ ಒಂದು ಸೆಂಟಿಗೆ ಅರ್ಧ ಶತಮಾನದ ಜಗಳ

2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು ಮೂರು ವಾರದೊಳಗೆ ಎರಡು ಮಸೂದೆ ಪಾಸು ಮಾಡಿತು. ಮೊದಲನೆಯದು ತೆರಿಗೆ ಕಡಿತದ ದೊಡ್ಡ ಮಸೂದೆ. ಅದರಿಂದ ಹತ್ತು ವರ್ಷಗಳಲ್ಲಿ ಕೊರತೆ ಸುಮಾರು 3.4 ಲಕ್ಷ ಕೋಟಿ ಡಾಲರ್ ಏರುತ್ತದೆ ಎಂದು ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಕೊಟ್ಟಿತ್ತು. ಎರಡನೆಯದು ಉಳಿತಾಯದ ಮಸೂದೆಯಂತೆ! ಸಾರ್ವಜನಿಕ ರೇಡಿಯೊ, ಟಿವಿಗೆ ಎರಡು ವರ್ಷಕ್ಕೆಂದು ಆಗಲೇ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್ ಅದರಲ್ಲಿ ವಾಪಸ್ ಹೋಯಿತು. ಎರಡಕ್ಕೂ ಮತ ಹಾಕಿದವರು ಬಹುಪಾಲು ಅದೇ ರಿಪಬ್ಲಿಕನ್ ಸದಸ್ಯರು. ಆನೆ ಹೋದರೆ ಹೋಗಲಿ, ಅಡಿಕೆಯ ಲೆಕ್ಕ ಕೊಡಿ ಅಂದಂತೆ.

ವರ್ಷಕ್ಕೆ ಸುಮಾರು 53.5 ಕೋಟಿ ಡಾಲರ್ ಎಂದರೆ ಸರ್ಕಾರ ಖರ್ಚು ಮಾಡುವ ಪ್ರತಿ 100 ಡಾಲರಿನಲ್ಲಿ ಒಂದು ಸೆಂಟೂ ಇಲ್ಲ. ಅಷ್ಟಕ್ಕೆ ಯಾಕೆ ಇಷ್ಟು ರಂಪ?

ಕಾರಣ ಹುಟ್ಟಿನಲ್ಲೇ ಇದೆ. 1967ರಲ್ಲಿ ಸಾರ್ವಜನಿಕ ಟಿವಿ ಹೇಗಿರಬೇಕೆಂದು ನೋಡಲು ಕೂತಿದ್ದ ಕಾರ್ನೆಗಿ ಆಯೋಗ ಒಂದು ಜಾಣ ಸಲಹೆ ಕೊಟ್ಟಿತ್ತು: ಟಿವಿ ಸೆಟ್ಟುಗಳ ಮೇಲೆ ಸಣ್ಣ ತೆರಿಗೆ ಹಾಕಿ, ಬಂದ ಹಣವನ್ನು ಪ್ರತ್ಯೇಕ ನಿಧಿಯಲ್ಲಿಡಿ, ರಾಜಕಾರಣಿಗಳ ಕೈಗೆ ಸಿಗದಿರಲಿ. ಅಧ್ಯಕ್ಷ ಜಾನ್ಸನ್ ಅದೇ ವರ್ಷ ನವೆಂಬರಿನಲ್ಲಿ ಕಾಯ್ದೆಗೆ ಸಹಿ ಹಾಕಿದರು, ಸಾರ್ವಜನಿಕ ರೇಡಿಯೊ, ಟಿವಿಗೆ ಸರ್ಕಾರಿ ಹಣ ಹಂಚುವ ಸಾರ್ವಜನಿಕ ಪ್ರಸಾರ ನಿಗಮ ಹುಟ್ಟಿತು. ತೆರಿಗೆ ಮಾತ್ರ ಬರಲಿಲ್ಲ. ನಿಗಮ ಹಣಕ್ಕಾಗಿ ಸಂಸತ್ತಿನ ಮುಂದೆ ಕೈಚಾಚಿ ನಿಲ್ಲಬೇಕಾಯಿತು.

ಅದರ ಫಲ ಬೇಗನೇ ಕಂಡಿತು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಹಣ ಅರ್ಧ ಮಾಡಲು ಹೊರಟಾಗ ಮಕ್ಕಳ ಟಿವಿಯ ಫ್ರೆಡ್ ರಾಜರ್ಸ್ ಸೆನೆಟ್ ಸಮಿತಿಯ ಮುಂದೆ ಕೂತು ಮೆಲುದನಿಯಲ್ಲಿ ಕೆಲವೇ ನಿಮಿಷ ಮಾತಾಡಿದರು. ಒರಟ ಎಂದೇ ಹೆಸರಾಗಿದ್ದ ಸಮಿತಿಯ ಮುಖ್ಯಸ್ಥ ಪಾಸ್ಟೋರ್ ಕರಗಿ, 2 ಕೋಟಿ ಡಾಲರ್ ನಿಮಗೆ ಸಿಕ್ಕಿತು ಅಂದುಬಿಟ್ಟರು. ಆದರೆ 1972ರಲ್ಲಿ ನಿಕ್ಸನ್ ಹಣದ ಮಸೂದೆಯನ್ನೇ ವೀಟೊ ಮಾಡಿದರು. ಅವರ ಸಿಟ್ಟು ಖರ್ಚಿನ ಮೇಲಲ್ಲ, ಸುದ್ದಿ ಕಾರ್ಯಕ್ರಮಗಳ ಮೇಲಿತ್ತು. ಹಾಗಾಗಿಯೇ 1975ರಿಂದ ಹಣವನ್ನು ಮುಂಚಿತವಾಗಿ ಮಂಜೂರು ಮಾಡುವ ಪದ್ಧತಿ ಬಂತು. 2025ರಲ್ಲಿ ಮುರಿದದ್ದು ಅದೇ ಬೇಲಿ.

ಆಮೇಲೆ ಈ ಹಣದ ಮೇಲೆ ಕಣ್ಣಿಟ್ಟವರು ಅಧ್ಯಕ್ಷ ರೇಗನ್, 1995ರಲ್ಲಿ ಕೆಳಮನೆಯ ಸ್ಪೀಕರ್ ಗಿಂಗ್ರಿಚ್, 2012ರಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ರಾಮ್ನಿ. ರಾಮ್ನಿ ಅವರಂತೂ ಮಕ್ಕಳ ಕಾರ್ಯಕ್ರಮದ ಹಳದಿ ಹಕ್ಕಿ ಬಿಗ್ ಬರ್ಡ್ ನನಗೆ ಇಷ್ಟ, ಆದರೆ ಹಣ ನಿಲ್ಲಿಸುತ್ತೇನೆ ಎಂದು ಚುನಾವಣಾ ಚರ್ಚೆಯಲ್ಲಿ ಸಾರ್ವಜನಿಕ ಟಿವಿ ಜಾಲ ಪಿಬಿಎಸ್‌ನದೇ ನಿರೂಪಕರ ಎದುರೇ ಹೇಳಿದರು. ಅದೇ ಚುನಾವಣೆಯಲ್ಲಿ ರಕ್ಷಣಾ ಖರ್ಚು ಜಿಡಿಪಿಯ ಶೇ. 4ಕ್ಕಿಂತ ಇಳಿಯಬಾರದು ಅಂತಲೂ ವಾದಿಸುತ್ತಿದ್ದರು. ಡೆಮಾಕ್ರಟರೇನು ಕಮ್ಮಿ ಇಲ್ಲ. ಒಬಾಮ ತಂಡ ಬಿಗ್ ಬರ್ಡನ್ನು ಜಾಹೀರಾತಿಗೆ ಬಳಸಿತು, ತೆಗೆಯಿರಿ ಎಂದು ಕಾರ್ಯಕ್ರಮದ ತಯಾರಕರೇ ಕೇಳಬೇಕಾಯಿತು. ಎರಡೂ ಸದನ ಕೈಯಲ್ಲಿದ್ದ ವರ್ಷಗಳಲ್ಲಿ ಆ ಪ್ರತ್ಯೇಕ ನಿಧಿಯನ್ನು ಅವರೂ ಕಟ್ಟಲಿಲ್ಲ.

ಈ ಸಲದ ಪೆಟ್ಟು ಯಾರಿಗೆ ಅಂತ ನೋಡಿ. ರಿಪಬ್ಲಿಕನ್ನರ ಸಿಟ್ಟು ಹೆಚ್ಚಾಗಿ ಇದ್ದದ್ದು ಸಾರ್ವಜನಿಕ ರೇಡಿಯೊ ಜಾಲ ಎನ್‌ಪಿಆರ್ ಮೇಲೆ. ಅದಕ್ಕೆ ನೇರವಾಗಿ ಸಿಗುತ್ತಿದ್ದ ಸರ್ಕಾರಿ ಹಣ ಅದರ ಬಜೆಟ್ಟಿನ ಶೇ. 1ರಷ್ಟು. ಹೆಚ್ಚು ಪಾಲು ಹೋಗುತ್ತಿದ್ದದ್ದು ಸ್ಥಳೀಯ ಕೇಂದ್ರಗಳಿಗೆ. ಹಳ್ಳಿಗಾಡಿನ ಕೆಲವಂತೂ ಅದನ್ನೇ ನೆಚ್ಚಿಕೊಂಡಿದ್ದವು. ಸೌತ್ ಡಕೋಟದ ರಿಪಬ್ಲಿಕನ್ ಸೆನೆಟರ್ ಮೈಕ್ ರೌಂಡ್ಸ್ ಇದನ್ನು ಚೆನ್ನಾಗಿ ಬಲ್ಲವರು. ಮೂಲನಿವಾಸಿಗಳ ರೇಡಿಯೊಗೆ ಬೇರೆ ಖಾತೆಯಿಂದ 90 ಲಕ್ಷಕ್ಕೂ ಹೆಚ್ಚು ಡಾಲರ್ ಕೊಡಿಸುವ ಮಾತು ಪಡೆದು ಕಡಿತಕ್ಕೆ ಮತ ಹಾಕಿದರು.

ಸೆನೆಟ್ ಚರ್ಚೆ ನಡೆಯುತ್ತಿದ್ದ ಜುಲೈ 16ರಂದೇ ಅಲಾಸ್ಕದಲ್ಲಿ 7.3 ತೀವ್ರತೆಯ ಭೂಕಂಪವಾಗಿ ಸುನಾಮಿ ಎಚ್ಚರಿಕೆ ಹೊರಟಿತು. ಜನರಿಗೆ ಸುದ್ದಿ ಮುಟ್ಟಿಸುವುದು ಇದೇ ಕೇಂದ್ರಗಳು ಎಂದು ಅಲ್ಲಿನ ರಿಪಬ್ಲಿಕನ್ ಸೆನೆಟರ್ ಲೀಸಾ ಮರ್ಕೌಸ್ಕಿ ಹೇಳಿ, ಕಡಿತದ ವಿರುದ್ಧ ನಿಂತರು. ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಡ್ಯಾನ್ ಸಲಿವನ್ ಪರವಾಗಿ ಮತ ಹಾಕಿದರು. 51–48ರಲ್ಲಿ ಮಸೂದೆ ಗೆದ್ದಿತು. ಆಗಸ್ಟ್ 1ಕ್ಕೆ ನಿಗಮ ತನ್ನ ಬಾಗಿಲು ಮುಚ್ಚುವ ಕೆಲಸ ಶುರು ಮಾಡಿರುವುದಾಗಿ ಪ್ರಕಟಿಸಿತು.