ಎಡಗೆನ್ನೆಗೆ ಬ್ರಷ್, ಬಲಗೆನ್ನೆಗೆ ಬೆರಳು

ನಮ್ಮ ಮನೆ ಮೂಡಿಗೆರೆ ಹತ್ತಿರ. ಕಾಫಿ ಕೊಯ್ಲು ಶುರುವಾದ ಹೊತ್ತಿಗೆ ತಂಗಿ ಬೆಂಗಳೂರಿನಿಂದ ಬಂದಳು. ಬರುವಾಗ ಮುಖ ತೊಳೆಯುವ ಎಲೆಕ್ಟ್ರಿಕ್ ಬ್ರಷ್ ತಂದುಕೊಟ್ಟಳು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಗುಂಡಿ ಒತ್ತಿದರೆ ಜೇನುಹುಟ್ಟಿನ ಹಾಗೆ ಗುಂಯ್ ಅನ್ನುತ್ತದೆ. ನನ್ನದು ಹೈಸ್ಕೂಲಿನಿಂದಲೂ ಮೊಡವೆ ಮುಖ. ಚರ್ಮವೂ ಸೂಕ್ಷ್ಮ. ಸೋಪು ಬದಲಾಯಿಸಿದರೂ ಕೆಂಪಾಗುತ್ತದೆ. ಅದಕ್ಕೇ ಸುಮ್ನೆ ಇಡೀ ಮುಖಕ್ಕೆ ಉಜ್ಜಿಕೊಳ್ಳುವ ಧೈರ್ಯ ಆಗಲಿಲ್ಲ.

ಚರ್ಮದ ಔಷಧಿಗಳನ್ನು ಪರೀಕ್ಷಿಸುವವರು ಒಂದು ಉಪಾಯ ಬಳಸುತ್ತಾರೆ. ಅರ್ಧ ಮುಖಕ್ಕೆ ಒಂದು, ಉಳಿದರ್ಧಕ್ಕೆ ಇನ್ನೊಂದು. ಊಟ, ನಿದ್ದೆ, ಮುಟ್ಟು, ಬಿಸಿಲು, ಸ್ನಾನದ ನೀರು ಎಲ್ಲವೂ ಎರಡು ಕೆನ್ನೆಗೂ ಒಂದೇ ಅಲ್ವಾ? ಹಾಗಾಗಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ಅದಕ್ಕೆ ಕಾರಣ ಹುಡುಕುವುದು ಸುಲಭ. ನಾನೂ ಹಾಗೇ ಮಾಡಿದೆ. ರಾತ್ರಿ ಎಡಗೆನ್ನೆಗೆ ಬ್ರಷ್, ಬಲಗೆನ್ನೆಗೆ ಬರೀ ಬೆರಳು. ಎರಡಕ್ಕೂ ಒಂದೇ ಫೇಸ್‌ವಾಷ್.

ಇಂಥ ಬ್ರಷ್ ಜನಪ್ರಿಯ ಆಗಿದ್ದು ಅಮೆರಿಕದ ಕ್ಲಾರಿಸಾನಿಕ್‌ನಿಂದ. ಅದು ಮಾರುಕಟ್ಟೆಗೆ ಬಂದದ್ದು 2004ರಲ್ಲಿ. 2020ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಅದನ್ನು ಕಟ್ಟಿದವರು ಅದಕ್ಕೂ ಮೊದಲು ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ ಮಾಡಿದ್ದವರು. ಈ ಸಂಗತಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹಲ್ಲಿನ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಚರ್ಮದ ಹೊರಪದರವೋ, ಸುಮಾರು 10ರಿಂದ 20 ಮೈಕ್ರೋಮೀಟರ್ ದಪ್ಪ. ಒಂದು ತಲೆಗೂದಲಿಗಿಂತಲೂ ತೆಳು.

ಮೊದಲ ವಾರ ಎಡಗೆನ್ನೆ ನಿಜವಾಗಿಯೂ ಚೆನ್ನಾಗಿತ್ತು. ಮುಟ್ಟಿದರೆ ನುಣುಪು, ಕನ್ನಡಿಯಲ್ಲಿ ಹೊಳಪು. ಉದುರಲು ಕಾಯುತ್ತಿದ್ದ ಸತ್ತ ಕೋಶಗಳನ್ನು ಬ್ರಷ್ ಗುಡಿಸಿ ಹಾಕಿತ್ತು. ಮೇಲ್ಮೈ ಸಮ ಆದರೆ ಬೆಳಕು ಒಂದೇ ಥರ ಚಿಮ್ಮುತ್ತದೆ, ಮುಖ ಹೊಳೆಯುತ್ತದೆ. ಇಷ್ಟು ದಿನ ಇದನ್ನು ಯಾಕೆ ತಗೊಳ್ಳಲಿಲ್ಲ ಅನ್ನಿಸಿತು.

ಎರಡನೇ ವಾರದ ಕೊನೆಗೆ ಮಾಯಿಶ್ಚರೈಸರ್ ಹಚ್ಚಿದಾಗ ಎಡಗಡೆ ಮಾತ್ರ ಚುರುಗುಟ್ಟಿತು. ಅದೇ ಕ್ರೀಮು, ಅದೇ ಕೈ. ಬಲಗೆನ್ನೆಗೆ ಏನೂ ಇಲ್ಲ.

ಆ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತ ಕೋಶಗಳು ಇಟ್ಟಿಗೆ. ಸೆರಾಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಸೇರಿದ ಜಿಡ್ಡು ಗಾರೆ. ಒಳಗಿನ ನೀರು ಆರಿಹೋಗದ ಹಾಗೆ, ಹೊರಗಿನದು ಒಳಗೆ ನುಗ್ಗದ ಹಾಗೆ ತಡೆಯುವುದು ಈ ಗೋಡೆಯೇ. ಸೋಪು ಗಾರೆಯನ್ನು ಕರಗಿಸುತ್ತದೆ, ಉಜ್ಜಾಟ ಇಟ್ಟಿಗೆಯನ್ನು ಕೀಳುತ್ತದೆ. ಗಟ್ಟಿ ಚರ್ಮದವರು ಅಷ್ಟನ್ನು ಬೇಗ ರಿಪೇರಿ ಮಾಡಿಕೊಳ್ಳುತ್ತಾರೆ. ಸೂಕ್ಷ್ಮ ಚರ್ಮದವರ ಗೋಡೆ ಮೊದಲೇ ಬಿರುಕು ಬಿಟ್ಟಿರುತ್ತದೆ. ನರದ ತುದಿಗಳಿಗೆ ಕ್ರೀಮು ಕೂಡ ಉರಿಯಾಗಿ ತಟ್ಟುತ್ತದೆ.

ಆ ವಾರವೇ ಕಡೂರಿನ ಅತ್ತೆ ಮನೆಗೆ ಹೋಗಬೇಕಾಯಿತು. ನಮ್ಮ ಜಿಲ್ಲೆಯೇ ಹಾಗೆ. ಈ ಕಡೆ ಮಲೆನಾಡು, ಆ ಕಡೆ ಬಯಲುಸೀಮೆ. ನಮ್ಮಲ್ಲಿ ಸೋಪು ಕೈಗೆ ತಾಗಿದರೆ ಸಾಕು, ನೊರೆ. ಅತ್ತೆ ಮನೆಯ ಬೋರ್‌ವೆಲ್ ನೀರಿಗೆ ಬಕೆಟ್ಟಿನ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಷ್ಟಾಗುತ್ತವೆ. ಆ ಗಷ್ಟು ಚರ್ಮಕ್ಕೂ ಅಂಟುತ್ತದೆ. ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಸೋಪು 9-10ರ ಆಸುಪಾಸು, ಅಂದರೆ ಕ್ಷಾರ; ಮುಖದ್ದು ಸುಮಾರು 5, ಸ್ವಲ್ಪ ಹುಳಿ. ಅಲ್ಲಿ ಎರಡೂ ಕೆನ್ನೆ ಬಿಗಿದವು. ಉರಿದದ್ದು ಮಾತ್ರ ಎಡಗೆನ್ನೆ.

ಮೂರನೇ ವಾರ ಎಡ ದವಡೆಯ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳು. ಎಣಿಸಿದೆ: ಎಡಕ್ಕೆ ಒಂಬತ್ತು, ಬಲಕ್ಕೆ ಮೂರು. ಒಬ್ಬಳ ಮುಖದ ಲೆಕ್ಕ ಎಲ್ಲರಿಗೂ ಪುರಾವೆ ಅಲ್ಲ, ಒಪ್ಪುತ್ತೇನೆ. ನನಗೆ ಅಷ್ಟು ಸಾಕಾಯಿತು. ಬ್ರಷ್ ನಿಲ್ಲಿಸಿದೆ.

ಮೊಡವೆ ಮುಖದವರಿಗೆ ಎಲ್ಲರೂ ಹೇಳುವ ಮಾತು ಒಂದೇ: 'ಮುಖ ಸರಿಯಾಗಿ ತೊಳಿ'. ಇದನ್ನು ಕೇಳಿ ಕೇಳಿ ನಾವು ನಮ್ಮನ್ನೇ ಕೊಳಕರು ಅಂದುಕೊಳ್ಳುತ್ತೇವೆ. ಈ ಮಾತು ತಪ್ಪು. ಬ್ಲ್ಯಾಕ್‌ಹೆಡ್ ಕಪ್ಪಗಿರುವುದು ಕೊಳೆಯಿಂದಲ್ಲ, ಅದರೊಳಗಿನ ಮೆಲನಿನ್ ಎಂಬ ಚರ್ಮದ ಬಣ್ಣದಿಂದ, ಗಾಳಿ ತಾಗಿದ ಜಿಡ್ಡಿನಿಂದ. ಮೊಡವೆ ಶುರುವಾಗುವುದು ಕೂದಲಿನ ಬುಡದ ಕೊಳವೆಯೊಳಗೆ. ಅಲ್ಲಿ ಉದುರಬೇಕಾದ ಕೋಶಗಳು ಉದುರದೆ ಒಂದಕ್ಕೊಂದು ಅಂಟಿ ಬೆಣೆಯಾಗುತ್ತವೆ. ಹಿಂದೆ ಜಿಡ್ಡು ತುಂಬುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ, ಆಮ್ಲಜನಕ ಕಡಿಮೆ ಇರುವ ಆ ಜಾಗದಲ್ಲಿ ಹೆಚ್ಚುತ್ತದೆ. ಕಣ್ಣಿಗೆ ಗುಳ್ಳೆ ಕಾಣುವ ಎಷ್ಟೋ ವಾರ ಮೊದಲೇ ಇದೆಲ್ಲ ಶುರುವಾಗಿರುತ್ತದೆ. ಮೇಲೆ ಓಡಾಡುವ ಬ್ರಷ್‌ಗೆ ಆ ಬೆಣೆ ಸಿಗುವುದೇ ಇಲ್ಲ. ಬದಲಿಗೆ ಉಜ್ಜಾಟಕ್ಕೇ ಮೊಡವೆ ಕೆರಳುವುದುಂಟು. ಹೆಲ್ಮೆಟ್ ಪಟ್ಟಿ ತಾಗುವ ಗಲ್ಲದಲ್ಲಿ ಏಳುತ್ತವಲ್ಲ, ಹಾಗೆ. 1975ರಲ್ಲಿ ಅಮೆರಿಕದ ಚರ್ಮತಜ್ಞರು ಇದಕ್ಕೆ ಆಕ್ನೆ ಮೆಕ್ಯಾನಿಕಾ ಎಂದು ಹೆಸರಿಟ್ಟರು.

ಇದು ನನಗೆ ಸರಿಯಾಗಿ ಅರ್ಥವಾದದ್ದು ಕಾಫಿ ಹಣ್ಣು ಸುಲಿಯುವ ನಮ್ಮ ಪಲ್ಪರ್ ಯಂತ್ರದ ಹತ್ತಿರ ನಿಂತಾಗ. ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಹಾಕಿದರೆ ಸಿಪ್ಪೆ ಬಿಡುತ್ತದೆ, ಬೀಜದ ಮೇಲೆ ಲೋಳೆ ಉಳಿಯುತ್ತದೆ. ಆಗ ಬೀಜವನ್ನು ಎಷ್ಟು ಉಜ್ಜಿದರೂ ಕೈಯಿಂದ ಜಾರುತ್ತದೆಯೇ ಹೊರತು ಲೋಳೆ ಹೋಗುವುದಿಲ್ಲ. ಅದಕ್ಕೇ ತೊಟ್ಟಿಯಲ್ಲಿ ಒಂದು ದಿನ, ಚಳಿ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು, ಹಾಗೇ ಬಿಡುತ್ತೇವೆ. ಸೂಕ್ಷ್ಮಜೀವಿಗಳೂ ಕಿಣ್ವಗಳೂ ಲೋಳೆಯ ಪೆಕ್ಟಿನ್ ಒಡೆಯುತ್ತವೆ. ಹದ ಬಂತಾ ಅಂತ ನೋಡಲು ಅಪ್ಪ ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ಬೀಜ ಹಿಸುಕುತ್ತಾರೆ. ಜಾರದೆ ಸಣ್ಣ ಕಲ್ಲಿನ ಹಾಗೆ ಗರಗರ ಅಂದರೆ ಆಯಿತು, ನೀರು ಬಿಟ್ಟು ತೊಳೆದರೆ ಸಾಕು. ಪಲ್ಪರ್ ಬಿಗಿಯಾದರೆ ಮಾತ್ರ ಬೀಜಕ್ಕೇ ಗಾಯ. ಒಣಗಿದ ಮೇಲೆ ಆ ಗಾಯದ ಜಾಗ ಕಪ್ಪಗೆ ಕಾಣುತ್ತದೆ.

ಮೊಡವೆಯ ಬೆಣೆಗೂ ಅದೇ ದಾರಿ. ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗುವಂಥದ್ದು, ಹಾಗಾಗಿ ಕೊಳವೆಯೊಳಗೆ ಇಳಿದು ಅಂಟನ್ನು ಸಡಿಲಿಸುತ್ತದೆ. ಅಡಾಪಲೀನ್ ಎಂಬ ಔಷಧಿ ಆ ಕೋಶಗಳು ಸರಿಯಾಗಿ ಉದುರುವ ಹಾಗೆ ಮಾಡುತ್ತದೆ. ಬೆನ್ಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. 2.5 ಶೇಕಡಾ ಇದ್ದರೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಉರಿ ಕಡಿಮೆ. ನನಗೆ ಚರ್ಮದ ಡಾಕ್ಟರು ಕೊಟ್ಟದ್ದು ಅಡಾಪಲೀನ್. ಮೊದಲು ಗೋಡೆ ಕೂಡಿಕೊಳ್ಳಲಿ ಅಂತ ಮೂರು ವಾರ ಬರೀ ಮಾಯಿಶ್ಚರೈಸರ್ ಹಚ್ಚಿಸಿದರು. ಆಮೇಲೆ ದಿನ ಬಿಟ್ಟು ದಿನ ರಾತ್ರಿ, ಕಡಲೆಕಾಳಿನಷ್ಟು. ಗುಣ ಕಾಣಲು ಎರಡು-ಮೂರು ತಿಂಗಳು ಬೇಕು. ಗರ್ಭಿಣಿಯರು ಹಚ್ಚಬಾರದು. ಅಂಗಡಿಯಲ್ಲಿ ಕೇಳಿ ತಂದ 'ಬೆಳ್ಳಗೆ ಮಾಡುವ' ಸ್ಟೆರಾಯ್ಡ್ ಕ್ರೀಮನ್ನಂತೂ ದಯವಿಟ್ಟು ಮೊಡವೆಗೆ ಹಚ್ಚಬೇಡಿ. ನಾಲ್ಕು ದಿನ ಚೆಂದ ಕಾಣಿಸಿ ಆಮೇಲೆ ಮುಖವನ್ನೇ ಹಾಳುಮಾಡುತ್ತದೆ.

ಬ್ರಷ್‌ನಿಂದ ಉಪಯೋಗವೇ ಇಲ್ಲ ಅನ್ನುವುದಿಲ್ಲ. ದಪ್ಪ ಮೇಕಪ್, ನೀರಿಗೆ ಬಿಡದ ಸನ್‌ಸ್ಕ್ರೀನ್ ತೆಗೆಯಲು ಒಳ್ಳೆಯದು. ತಂಗಿ ಭರತನಾಟ್ಯ ಮಾಡುತ್ತಾಳೆ, ಅವಳ ಚರ್ಮ ಗಟ್ಟಿ. ಬ್ರಷ್ ಅವಳಿಗೇ ವಾಪಸ್ ಕೊಟ್ಟೆ. ಒತ್ತಬೇಡ, ಒಂದು ನಿಮಿಷ ದಾಟಿಸಬೇಡ, ಮೊಡವೆ ಎದ್ದ ಕಡೆ ಆಡಿಸಬೇಡ ಅಂದಿದ್ದೇನೆ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಎಳೆ ಎಳೆಯ ಬ್ರಷ್ ಬಚ್ಚಲಲ್ಲಿ ಒಣಗೀತೇ? ಬೂಷ್ಟು ಹಿಡಿಯುತ್ತದೆ. ಸಿಲಿಕೋನ್‌ನದ್ದಾದರೆ ಬೇಗ ಒಣಗುತ್ತದೆ.

ಮೊನ್ನೆ ಕಾಫಿ ಹೂ ಅರಳಿಸುವ ಹೂಮಳೆ ಆಯಿತು. ತೋಟವೆಲ್ಲ ಬೆಳ್ಳಗೆ. ದವಡೆಯ ಗುಳ್ಳೆಗಳು ಹೋಗಿವೆ. ನಮ್ಮಂಥ ಕಂದು ಚರ್ಮದಲ್ಲಿ ಉರಿಯೂತ ಆರಿದ ಮೇಲೂ ಮೆಲನಿನ್ ಉಳಿಯುತ್ತದೆ. ಎಡಗೆನ್ನೆಯಲ್ಲಿ ಎರಡು ಕಲೆ ಇನ್ನೂ ಇವೆ, ಜನವರಿಗಿಂತ ತೆಳುವಾಗಿ. ಕಣಕ್ಕೆ ಹೋಗುವ ಮೊದಲು ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತೇನೆ. ಸಂಜೆ ಬಂದು ಬೆರಳ ತುದಿಯಲ್ಲೇ ಮುಖ ತೊಳೆಯುತ್ತೇನೆ.